ಭಿಕ್ಷುವಿನ ರೊಟ್ಟಿಯ ಒಡೆತನ: ಫ್ರಾನ್ಸಿಸ್ಕನ್ ಸಂಘದ ಅಪರಿಗ್ರಹ ವಿವಾದ

ಮಧ್ಯಯುಗದ ಯೂರೋಪಿನ ಇತಿಹಾಸವನ್ನು ಓದುವ ವಿದ್ಯಾರ್ಥಿಗೆ ಅಸ್ಸೀಸಿಯ ಸಂತ ಫ್ರಾನ್ಸಿಸನು ಹಕ್ಕಿಗಳಿಗೆ ಧರ್ಮೋಪದೇಶ ಮಾಡಿದ ಸಾಧುವೆಂದು ಪರಿಚಿತನಾಗಿರುತ್ತಾನೆ. ಅವನು ತೀರಿಕೊಂಡು ನೂರು ವರ್ಷ ತುಂಬುವುದರೊಳಗಾಗಿ, ಅವನ ವ್ರತವನ್ನು ಅಕ್ಷರಶಃ ಪಾಲಿಸಬೇಕೆಂದು ಹಟ ಹಿಡಿದ ನಾಲ್ವರು ಸೋದರರು ಮಾರ್ಸೇ ನಗರದಲ್ಲಿ ಸಜೀವವಾಗಿ ಸುಡಲ್ಪಟ್ಟರೆಂಬುದು ಅಷ್ಟಾಗಿ ಪರಿಚಿತವಲ್ಲ. ಒಬ್ಬ ವ್ಯಕ್ತಿಯ ವೈರಾಗ್ಯವು ಒಂದು ಸಂಸ್ಥೆಯ ನಿಯಮವಾದಾಗ ಅದಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಫ್ರಾನ್ಸಿಸನ ತಂದೆ ಪಿಯೆತ್ರೊ ಬೆರ್ನಾರ್ದೊನೆ ಅಸ್ಸೀಸಿಯ ಜವಳಿ ವ್ಯಾಪಾರಿ. ಇಟಲಿಯ ನಗರಗಳು ವಾಣಿಜ್ಯದಿಂದ ಬೆಳೆದು, ನಾಣ್ಯದ ಚಲಾವಣೆ ಹೆಚ್ಚುತ್ತಿದ್ದ ಕಾಲವದು. ಮಗನೂ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡಿದವನೇ. ಆದುದರಿಂದ ಅವನದು ಹಣದ ಬೆಲೆಯನ್ನರಿಯದವನ ವೈರಾಗ್ಯವಲ್ಲ. 1206ರಲ್ಲಿ ಬಿಷಪ್ ಗ್ವಿದೊವಿನ ಸಮ್ಮುಖದಲ್ಲಿ ಅವನು ಉಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಹಿಂದಿರುಗಿಸಿದನು. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡು, ಸ್ವರ್ಗದಲ್ಲಿ ನಿನಗೆ ಸಂಪತ್ತು ದೊರೆಯುವುದು ಎಂದು ಯೇಸು ಒಬ್ಬ ಧನಿಕನಿಗೆ ಹೇಳಿದ ಮಾತನ್ನು ಅವನು ಉಪಮೆಯೆಂದು ತಿಳಿಯಲಿಲ್ಲ, ಆಜ್ಞೆಯೆಂದು ತಿಳಿದನು. 1209ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟನು ಈ ಜೀವನಕ್ರಮಕ್ಕೆ ಬಾಯಿಮಾತಿನ ಅನುಮತಿ ಕೊಟ್ಟನು. 1223ರಲ್ಲಿ ಮೂರನೆಯ ಹೊನೋರಿಯಸನು ಲಿಖಿತ ನಿಯಮಾವಳಿಯನ್ನು ಅಂಗೀಕರಿಸಿದನು. ಅದರಂತೆ ಸೋದರರು ನಾಣ್ಯವನ್ನು ತಾವಾಗಲಿ ಪರರ ಮೂಲಕವಾಗಲಿ ಸ್ವೀಕರಿಸಕೂಡದು. ಮನೆಯನ್ನಾಗಲಿ ಸ್ಥಳವನ್ನಾಗಲಿ ಯಾವುದೇ ವಸ್ತುವನ್ನಾಗಲಿ ತಮ್ಮದೆನ್ನಕೂಡದು. ಹಳೆಯ ಕ್ರೈಸ್ತ ಮಠಗಳಲ್ಲಿ ಸಂನ್ಯಾಸಿಯು ನಿರ್ಧನನಾಗಿದ್ದರೂ ಮಠಕ್ಕೆ ಭೂಮಿಕಾಣಿಗಳಿದ್ದುವು. ಇಲ್ಲಿ ಸಂಘವೂ ನಿರ್ಧನವಾಗಿರಬೇಕೆಂಬುದೇ ಹೊಸ ಅಂಶ. ನಮ್ಮ ಜೈನ ಪರಂಪರೆಯ ‘ಅಪರಿಗ್ರಹ’ ಎಂಬ ಶಬ್ದವನ್ನು ಇದಕ್ಕೆ ಬಳಸಿರುವುದು ಅರ್ಥಸಾಮ್ಯವನ್ನು ನೋಡಿಯೇ ಹೊರತು ಐತಿಹಾಸಿಕ ಸಂಬಂಧವನ್ನು ಸೂಚಿಸಲು ಅಲ್ಲ.

ಬೆರಳೆಣಿಕೆಯ ಅಲೆಮಾರಿಗಳಿಗೆ ಸಾಧ್ಯವಾದುದು ಹಲವು ಸಾವಿರ ಸೋದರರ ಸಂಘಕ್ಕೆ ಸುಲಭವಾಗಲಿಲ್ಲ. ಪ್ಯಾರಿಸ್ಸಿನ ವಿದ್ಯಾಪೀಠದಲ್ಲಿ ಓದುವವರಿಗೆ ಗ್ರಂಥಗಳು ಬೇಕು. ಗ್ರಂಥಗಳನ್ನಿಡಲು ಕಟ್ಟಡ ಬೇಕು. ಮುಂದಾಗುವುದನ್ನು ಫ್ರಾನ್ಸಿಸನು ಊಹಿಸಿದ್ದನೆಂದು ತೋರುತ್ತದೆ. ತನ್ನ ಮರಣಶಾಸನದಲ್ಲಿ ಅವನು ನಿಯಮಾವಳಿಗೆ ವ್ಯಾಖ್ಯಾನ ಬರೆಯಬಾರದೆಂದೂ ರೋಮಿನಿಂದ ವಿಶೇಷ ಪತ್ರಗಳನ್ನು ಬೇಡಬಾರದೆಂದೂ ವಿಧಿಸಿ, 1226ರ ಅಕ್ಟೋಬರ್ 3ರಂದು ಕಾಲವಾದನು. ಎರಡೇ ವರ್ಷಗಳಲ್ಲಿ ಅವನನ್ನು ಸಂತನೆಂದು ಘೋಷಿಸಿ, ಅವನ ಹೆಸರಿನ ಭವ್ಯ ದೇವಾಲಯಕ್ಕೆ ಅಸ್ಸೀಸಿಯಲ್ಲಿ ಅಡಿಗಲ್ಲನ್ನಿಟ್ಟವನು ಪೋಪ್ ಒಂಬತ್ತನೆಯ ಗ್ರೆಗರಿ. ಇವನೇ 1230ರಲ್ಲಿ ಆ ಮರಣಶಾಸನವು ಸೋದರರನ್ನು ಬಂಧಿಸುವುದಿಲ್ಲವೆಂದು ತೀರ್ಪಿತ್ತನು. ಗ್ರೆಗರಿಯು ಫ್ರಾನ್ಸಿಸನ ಶತ್ರುವಲ್ಲ, ಅವನ ಆಪ್ತ ಮಿತ್ರನೂ ಪೋಷಕನೂ ಆಗಿದ್ದನೆಂಬುದನ್ನು ಇಲ್ಲಿ ನೆನೆಯಬೇಕು.

ಬಳಿಕ ಕಾನೂನು ಪಂಡಿತರ ಕೆಲಸ ಆರಂಭವಾಯಿತು. ಸೋದರರು ಬಳಸುವ ಆಸ್ತಿ ರೋಮಿನ ಪೀಠಕ್ಕೆ ಸೇರಿದುದೆಂದು ನಾಲ್ಕನೆಯ ಇನ್ನೊಸೆಂಟನು 1245ರಲ್ಲಿ ಸಾರಿದನು. 1279ರಲ್ಲಿ ಮೂರನೆಯ ನಿಕೊಲಾಸನ ಆಜ್ಞಾಪತ್ರವು ಒಡೆತನ, ಸ್ವಾಧೀನ, ಫಲಾನುಭವ, ಬಳಕೆಯ ಹಕ್ಕು, ಬರಿಯ ಬಳಕೆ ಎಂದು ಐದು ಬಗೆಗಳನ್ನು ವಿಂಗಡಿಸಿ, ಸೋದರರಿಗೆ ಕೊನೆಯದು ಮಾತ್ರ ಉಂಟೆಂದು ನಿರ್ಣಯಿಸಿತು. ವ್ರತವು ಕಾಗದದ ಮೇಲೆ ಹೀಗೆ ಪೂರ್ಣವಾಗಿ ಉಳಿಯಿತು. ಆದರೆ ಜಗತ್ತಿನ ಅತ್ಯಂತ ನಿರ್ಧನ ಸಂಘದ ಆಸ್ತಿಗೆ ಕ್ರೈಸ್ತ ಜಗತ್ತಿನ ಅತ್ಯಂತ ಸಂಪನ್ನ ಪೀಠವು ಒಡೆಯನಾಯಿತು. ಇದನ್ನು ಆತ್ಮವಂಚನೆಯೆಂದು ತಳ್ಳಿಹಾಕುವ ಚರಿತ್ರಕಾರರಿದ್ದಾರೆ. ನಮಗೆ ಆ ಮಾತು ಕಠೋರವೆನ್ನಿಸುತ್ತದೆ. ಆದರ್ಶವನ್ನು ಬಿಡಲಾರದ, ಪಾಲಿಸಲೂ ಆಗದ ಜನರ ಸಂಕಟ ಅದರಲ್ಲಿ ಕಾಣುತ್ತದೆ.

ಈ ಏರ್ಪಾಡನ್ನು ಒಪ್ಪದವರೂ ಇದ್ದರು. ‘ಸ್ಪಿರಿಚುವಲ್’ ಎಂದು ಹೆಸರಾದ ಈ ಪಕ್ಷದವರಿಗೆ ಹಕ್ಕಿನ ಅಭಾವವಷ್ಟೇ ಸಾಲದು, ಬಳಕೆಯಲ್ಲಿಯೂ ಬಡತನ ಇರಬೇಕು. ಒಡೆತನ ಯಾರದಾದರೇನು, ಕಣಜ ತುಂಬಿದ್ದರೆ ಅದು ಬಡತನವಲ್ಲವೆಂಬುದು ಅವರ ವಾದ. ಇಟಲಿಯ ಅಂಕೋನಾ ಪ್ರಾಂತದಲ್ಲಿ ಇಂಥ ಕೆಲವರನ್ನು ಸಂಘವೇ ಸೆರೆಯಲ್ಲಿಟ್ಟಿತು. 1289ರಲ್ಲಿ ಬಿಡುಗಡೆ ಹೊಂದಿ ಅರ್ಮೇನಿಯಕ್ಕೆ ಹೋದವರಲ್ಲಿ ತೊಲೆಂತಿನೊ ಊರಿನ ಥಾಮಸನೂ ಒಬ್ಬ. ಇವನೇ 1321ರಲ್ಲಿ ಮೂವರು ಸೋದರರೊಡನೆ ನಮ್ಮ ಪಶ್ಚಿಮ ಕರಾವಳಿಯ ಠಾಣೆಯಲ್ಲಿ ಕೊಲ್ಲಲ್ಪಟ್ಟವನು. ಭಾರತದ ಕ್ರೈಸ್ತ ಇತಿಹಾಸದಲ್ಲಿ ಠಾಣೆಯ ಹುತಾತ್ಮರ ಉಲ್ಲೇಖ ಬರುತ್ತದೆ. ಅವರ ನಾಯಕನು ಅಪರಿಗ್ರಹದ ನಿಮಿತ್ತ ತನ್ನ ಸಂಘದವರಿಂದಲೇ ಸೆರೆಯನ್ನನುಭವಿಸಿದ್ದನೆಂಬುದು ಅದರೊಡನೆ ಸೇರಬೇಕಾದ ಸಂಗತಿ.

1316ರಲ್ಲಿ ಪೀಠವನ್ನೇರಿದ ಇಪ್ಪತ್ತೆರಡನೆಯ ಜಾನನು ಆವಿನ್ಯಾನ್ ನಗರದಲ್ಲಿದ್ದು ಆಳಿದನು. ಮರುವರ್ಷ ಅವನು ಗಿಡ್ಡ ನಿಲುವಂಗಿಗಳನ್ನು ತ್ಯಜಿಸುವಂತೆಯೂ, ಧಾನ್ಯ ಮದ್ಯಗಳ ಸಂಗ್ರಹದ ವಿಷಯದಲ್ಲಿ ಹಿರಿಯರ ತೀರ್ಮಾನಕ್ಕೆ ತಲೆಬಾಗುವಂತೆಯೂ ಆಜ್ಞಾಪಿಸಿದನು. ಬಡತನಕ್ಕಿಂತ ವಿಧೇಯತೆ ಹಿರಿದೆಂಬುದು ಅವನ ನಿಲುವು. ಮಣಿಯದ ನಾಲ್ವರೇ 1318ರ ಮೇ 7ರಂದು ಮಾರ್ಸೇಯಲ್ಲಿ ಬೆಂಕಿಗೆ ಬಿದ್ದವರು.

ಜಾನನು ಅಲ್ಲಿಗೆ ನಿಲ್ಲಲಿಲ್ಲ. 1322ರ ಡಿಸೆಂಬರಿನ ಆಜ್ಞಾಪತ್ರದಲ್ಲಿ ಅವನು ವಿವಾದದ ಬುಡಕ್ಕೇ ಕೈಹಾಕಿದನು. ಮನೆಯನ್ನು ಒಬ್ಬನು ಬಳಸಬಹುದು, ಇನ್ನೊಬ್ಬನು ಅದರ ಒಡೆಯನಾಗಿರಬಹುದು. ಆದರೆ ರೊಟ್ಟಿಯನ್ನು ತಿಂದ ಮೇಲೆ ಒಡೆಯನಿಗೆ ಉಳಿಯುವುದೇನು? ಬಳಕೆಯಿಂದಲೇ ನಾಶವಾಗುವ ವಸ್ತುವಿನಲ್ಲಿ ಬಳಕೆ ಬೇರೆ, ಒಡೆತನ ಬೇರೆ ಎಂಬುದು ಅರ್ಥಹೀನ. ಭಿಕ್ಷುವು ತಿನ್ನುವ ಒಂದು ಮೊಟ್ಟೆಯ ಒಡೆತನವನ್ನು ಸಭೆಯು ಬಯಸೀತೆಂದು ಯಾರು ನಂಬುತ್ತಾರೆ? ಹೀಗೆಂದು ಅಂಥ ವಸ್ತುಗಳ ಮೇಲಿನ ಪೀಠದ ಒಡೆತನವನ್ನು ಅವನು ಬಿಟ್ಟುಕೊಟ್ಟನು. ಕುದುರೆಯು ಹುರುಳಿಗೆ ಒಡೆಯನಾಗದೆಯೇ ಅದನ್ನು ತಿನ್ನುವುದಿಲ್ಲವೆ, ಎಂಬರ್ಥದ ವಾದವನ್ನು ಹೂಡಿದ ಬೆರ್ಗಾಮೊದ ಬೊನಗ್ರಾತಿಯನು ಸಂಘದ ಪರವಾಗಿ ಪ್ರತಿಭಟಿಸಿ ಸೆರೆಮನೆಯನ್ನು ಕಂಡನು. ಕೇವಲ ತರ್ಕದ ದೃಷ್ಟಿಯಿಂದ ಜಾನನ ಪಕ್ಷವೇ ಬಲವಾಗಿದೆಯೆಂದು ನಾವು ಭಾವಿಸುತ್ತೇವೆ. ಆದರೆ ಫ್ರಾನ್ಸಿಸನು ಕೇಳಿಕೊಂಡುದು ಆಸ್ತಿಯ ಲಕ್ಷಣವನ್ನಲ್ಲ; ನ್ಯಾಯಾಲಯದ ಭಾಷೆಯಲ್ಲಿ ವ್ರತವನ್ನು ರಕ್ಷಿಸಹೊರಟವರು ಅದೇ ಭಾಷೆಯಲ್ಲಿ ಸೋತರು. 1323ರ ನವೆಂಬರ್ 12ರಂದು, ಕ್ರಿಸ್ತನಿಗೂ ಅವನ ಶಿಷ್ಯರಿಗೂ ಸ್ವಂತವಾದುದು ಏನೂ ಇರಲಿಲ್ಲವೆಂದು ಹಟದಿಂದ ಸಾಧಿಸುವುದೇ ಪಾಷಂಡವೆಂದು ಜಾನನು ಘೋಷಿಸಿದನು.

ಸ್ಪಿರಿಚುವಲರನ್ನು ದಮನ ಮಾಡುವಲ್ಲಿ ಪೋಪನಿಗೆ ನೆರವಾಗಿದ್ದ ಸಂಘದ ಮುಖ್ಯಸ್ಥ ಚೆಸೇನಾದ ಮೈಕೇಲನೇ ಈಗ ಎದುರು ನಿಂತನು. 1328ರ ಮೇ 26ರ ರಾತ್ರಿ ಅವನು ಬೊನಗ್ರಾತಿಯ ಹಾಗೂ ಇಂಗ್ಲೆಂಡಿನ ತತ್ತ್ವಜ್ಞ ವಿಲಿಯಂ ಆಕಮನೊಡನೆ ಆವಿನ್ಯಾನಿನಿಂದ ಪಲಾಯನಮಾಡಿ ಪೋಪನ ವೈರಿಯಾದ ಬವೇರಿಯದ ಲೂಯಿ ಚಕ್ರವರ್ತಿಯ ಆಶ್ರಯವನ್ನು ಸೇರಿದನು. ಮುಂದೆ ಆಕಮನು ರಚಿಸಿದ ‘ತೊಂಬತ್ತು ದಿನಗಳ ಕೃತಿ’ಯು ನ್ಯಾಯಾಲಯದಲ್ಲಿ ಸಾಧಿಸಬಹುದಾದ ಹಕ್ಕನ್ನೂ ಕೇವಲ ಅನುಮತಿಯನ್ನೂ ಬೇರ್ಪಡಿಸಿತು, ವ್ಯಕ್ತಿಯ ಹಕ್ಕುಗಳೆಂಬ ಆಧುನಿಕ ಕಲ್ಪನೆಯ ಮೂಲವನ್ನು ಶೋಧಿಸುವ ವಿದ್ವಾಂಸರು ಈ ಗ್ರಂಥವನ್ನು ಚರ್ಚಿಸದೆ ಮುಂದುವರಿಯುವುದಿಲ್ಲ. ಸಂಘದ ಬಹುಭಾಗ ಇವರ ಹಿಂದೆ ಹೋಗಲಿಲ್ಲ. 1329ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಮಹಾಸಭೆಯು ಹೊಸ ಮುಖ್ಯಸ್ಥನನ್ನು ಆರಿಸಿತು. ಮೈಕೇಲನು ಆ ಆಯ್ಕೆಯನ್ನು ಮನ್ನಿಸದೆ, ಸಂಘದ ಮುದ್ರೆಯನ್ನು ತನ್ನಲ್ಲಿಯೇ ಇರಿಸಿಕೊಂಡು, 1342ರಲ್ಲಿ ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಆ ಮುದ್ರೆ ಆಕಮನ ಕೈಸೇರಿತು.