ದಾಯವೂ ದಾನವೂ

ದಾಯವೆಂದರೆ ಮಕ್ಕಳಿಗೆ ಸಲ್ಲುವ ಪಾಲು. ದಾನವೆಂದರೆ ಪರರಿಗೆ ಸಲ್ಲುವ ದ್ರವ್ಯ. ಎರಡು ಶಬ್ದಗಳೂ ‘ದಾ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಆದರೂ ಗೃಹಸ್ಥನ ಮನಸ್ಸಿನಲ್ಲಿ ಇವು ಸವತಿಯರಂತೆ ಕಾದಾಡುವುವು. ಉಳ್ಳವನು ಕೊಡದಿರುವುದಕ್ಕೆ ಲೋಭವೇ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವಿಚಾರಿಸಿ ನೋಡಿದರೆ, ಬಹುಮಂದಿಯ ಕೈಯನ್ನು ಹಿಡಿದಿರುವುದು ಪುತ್ರವಾತ್ಸಲ್ಯ. ಕೊಟ್ಟರೆ ಮಕ್ಕಳಿಗೆ ಕೊರತೆಯಾದೀತೆಂಬ ಭಯ. ಈ ಭಯವನ್ನು ಒಂದು ಮನೆತನವು ಗೆದ್ದ ಬಗೆಯು ವಾಚಕರ ಮನನಕ್ಕೆ ಯೋಗ್ಯವಾಗಿದೆ.

ಮುಂಬಯಿಯ ವರ್ತಕರಾದ ಜಮ್‌ಶೇಟ್‌ಜಿ ಟಾಟಾರವರು 1898ರಲ್ಲಿ, ಉನ್ನತ ವಿಜ್ಞಾನ ವಿದ್ಯಾಲಯವೊಂದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಸ್ಥಿರಾಸ್ತಿಯನ್ನು ಕೊಡಲು ಮುಂದೆ ಬಂದರು. ಅವರಿಗೆ ದೊರಾಬ್‌ಜಿ, ರತನ್‌ಜಿ ಎಂಬ ಇಬ್ಬರು ಪುತ್ರರು. ಈ ದಾನವನ್ನು ಕುಟುಂಬದ ಆಸ್ತಿವ್ಯವಸ್ಥೆಯೊಡನೆ ಹೆಣೆಯಬೇಕೆಂಬುದು ಅವರ ಮೊದಲ ಎಣಿಕೆಯಾಗಿದ್ದಿತು. ಇದಕ್ಕೆ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ಕೊಡದೆ ಹಿಂದೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಟಾಟಾರವರು ನಿಬಂಧನೆಯನ್ನು ಬಿಟ್ಟರು, ದಾನಸಂಕಲ್ಪವನ್ನು ಬಿಡಲಿಲ್ಲ.

ಮಾತುಕತೆಗಳು ಮುಗಿಯುವ ಮೊದಲೇ, 1904ರಲ್ಲಿ, ಅವರು ಕಾಲವಾದರು. ಇನ್ನು ಪರೀಕ್ಷೆಯು ಮಕ್ಕಳದಾಯಿತು. ಅವರು ತಂದೆಯ ವಚನವನ್ನು ನಡೆಸಿಕೊಟ್ಟರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನಿತ್ತಿತು. 1909ರಲ್ಲಿ ಸ್ಥಾಪಿತವಾಗಿ 1911ರಲ್ಲಿ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಅದು. ಅದರ ಹೆಸರಿನಲ್ಲಿ ದಾನಿಯ ಹೆಸರಿಲ್ಲ. ಊರ ಜನರು ಮಾತ್ರ ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆದರು.

ಸಂಗತಿಯು ಇಷ್ಟಕ್ಕೆ ನಿಲ್ಲಲಿಲ್ಲ. 1918ರಲ್ಲಿ ತೀರಿಕೊಂಡ ರತನ್‌ಜಿಯವರ ಆಸ್ತಿಯಿಂದ ಮರುವರ್ಷ ಒಂದು ಧರ್ಮನಿಧಿಯು ಏರ್ಪಟ್ಟಿತು. 1932ರಲ್ಲಿ ದೊರಾಬ್‌ಜಿಯವರು, ಗತಿಸಿದ ಪತ್ನಿಯ ಆಭರಣಗಳನ್ನೂ ಸೇರಿಸಿ, ತಮ್ಮ ಸಂಪತ್ತನ್ನು ಇನ್ನೊಂದು ಧರ್ಮನಿಧಿಗೆ ಒಪ್ಪಿಸಿ, ಕೆಲವೇ ತಿಂಗಳುಗಳಲ್ಲಿ ತೀರಿಕೊಂಡರು. ಈ ಸಹೋದರರಿಗೆ ಸಂತಾನವಿರಲಿಲ್ಲ; ಕೊಟ್ಟುದರಲ್ಲಿ ಸೋಜಿಗವೇನು ಎಂದು ಕೆಲವರು ಕೇಳಬಹುದು. ಆದರೆ ಮೊದಲು ಕೊಟ್ಟ ತಂದೆಗೆ ಇಬ್ಬರು ಮಕ್ಕಳಿದ್ದರೆಂಬುದನ್ನು ಮರೆಯಲಾಗದು. ಅವರು ಬಿಟ್ಟುಹೋದ ದಾಯದಲ್ಲಿ ಹಣದೊಡನೆ ಕೊಡುವ ಬುದ್ಧಿಯೂ ಸೇರಿದ್ದಿತು.

ಆದುದರಿಂದ ದಾನಮಾಡಬೇಕೆಂದು ಬಯಸಿ ಹಿಂಜರಿಯುವ ಗೃಹಸ್ಥನು ಮಕ್ಕಳಿಗೆ ಮರೆಯಾಗಿ ಉಯಿಲು ಬರೆಯುವುದಕ್ಕಿಂತ, ಅವರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ತನ್ನ ಇಷ್ಟವನ್ನು ತಿಳಿಸುವುದು ಲೇಸು. ಅವರು ಬೇಡವೆನ್ನುವರೆಂದು ತಾನಾಗಿಯೇ ಏತಕ್ಕೆ ನಿಶ್ಚಯಿಸಬೇಕು?