ಸಮವಸ್ತ್ರದೊಳಗಿನ ಪ್ರಭುತ್ವ: ನಾಜಿ ಜರ್ಮನಿಯ ಪೊಲೀಸ್ ಪಡೆಗಳು

ನಾಜಿ ಜರ್ಮನಿಯ ದಮನಯಂತ್ರವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಗೆಸ್ಟಾಪೊ ಎಂಬ ಒಂದೇ ಹೆಸರಿನ ಸುತ್ತ ನಡೆದಿದೆ. ಆ ಗುಪ್ತ ಪೊಲೀಸ್ ಪಡೆಯ ಭೀಕರ ಖ್ಯಾತಿಯ ನೆರಳಿನಲ್ಲಿ, ಬೀದಿಯಲ್ಲಿ ಸಂಚಾರ ನಿಯಂತ್ರಿಸುತ್ತಿದ್ದ, ಠಾಣೆಯಲ್ಲಿ ಕಳ್ಳತನದ ದೂರು ಬರೆದುಕೊಳ್ಳುತ್ತಿದ್ದ ಸಾಮಾನ್ಯ ಪೊಲೀಸಿನವನು ಬಹುಕಾಲ ಚರಿತ್ರೆಕಾರರ ಕಣ್ಣಿಗೆ ಬೀಳಲಿಲ್ಲ. ಯುದ್ಧಕಾಲದ ನರಮೇಧದಲ್ಲಿ ಅವನ ಪಾಲು ಸಣ್ಣದಾಗಿರಲಿಲ್ಲ. ಶಾಂತಿಪಾಲನೆಗೆಂದು ನೇಮಕಗೊಂಡ ಇಲಾಖೆ ಕೊಲೆಯ ಸಾಧನವಾದ ಬಗೆಯನ್ನು ತಿಳಿಯಲು ಆಡಳಿತದ ಕಡತಗಳಿಂದಲೇ ಆರಂಭಿಸಬೇಕಾಗುತ್ತದೆ.

1933ರ ಫೆಬ್ರವರಿ 22ರಂದು ಪ್ರಷ್ಯದ ಒಳಾಡಳಿತದ ಹೊಣೆ ಹೊತ್ತಿದ್ದ ಗೋರಿಂಗ್, ಎಸ್.ಎ., ಎಸ್.ಎಸ್. ಹಾಗೂ ಸ್ಟಾಲ್‌ಹೆಲ್ಮ್ ದಳಗಳಿಂದ ಸುಮಾರು 50,000 ಮಂದಿಯನ್ನು ಸಹಾಯಕ ಪೊಲೀಸರನ್ನಾಗಿ ಸೇರಿಸಿಕೊಳ್ಳಲು ಆದೇಶಿಸಿದನು. ನಿನ್ನೆಯವರೆಗೆ ಬೀದಿಕಾಳಗಗಳಲ್ಲಿ ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದವರೇ ಈಗ ತೋಳಿಗೆ ಬಿಳಿಯ ಪಟ್ಟಿ ಕಟ್ಟಿಕೊಂಡು ಇತರರನ್ನು ಬಂಧಿಸುವವರಾದರು. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಫೆಬ್ರವರಿ 28ರಂದು ಹೊರಟ ಸುಗ್ರೀವಾಜ್ಞೆಯು ಪೌರಹಕ್ಕುಗಳನ್ನು ಅಮಾನತ್ತಿನಲ್ಲಿರಿಸಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕ್ರಮಕ್ಕೆ 'ರಕ್ಷಣಾತ್ಮಕ ಬಂಧನ' ಎಂಬ ಸೌಮ್ಯವಾದ ಹೆಸರು ಸಲ್ಲುತ್ತಿತ್ತು. ಯಾರ ರಕ್ಷಣೆ ಎಂಬುದನ್ನು ಕೇಳುವ ಅವಕಾಶವಿರಲಿಲ್ಲ.

1934ರ ಜೂನ್ 30ರಂದು ಎಸ್.ಎ. ನಾಯಕರನ್ನು ಕೊಲ್ಲಿಸಿದ ಮೇಲೆ ಹಿಟ್ಲರನ ಅಂಗರಕ್ಷಕ ದಳವಾಗಿ ಹುಟ್ಟಿದ್ದ ಎಸ್.ಎಸ್. ಪ್ರಬಲವಾಯಿತು. ನಿರ್ಣಾಯಕ ವರ್ಷವೆಂದರೆ 1936. ಆ ವರ್ಷದ ಫೆಬ್ರವರಿ 10ರ ಕಾಯಿದೆ ಗೆಸ್ಟಾಪೊದ ಕ್ರಮಗಳನ್ನು ಆಡಳಿತ ನ್ಯಾಯಾಲಯಗಳ ಪರಿಶೀಲನೆಯಿಂದ ಹೊರಗಿರಿಸಿತು. ಜೂನ್ 17ರಂದು ಹೈನ್ರಿಖ್ ಹಿಮ್ಲರ್ ಎಸ್.ಎಸ್. ಪರಮಾಧಿಕಾರದ ಜೊತೆಗೆ ಸಮಸ್ತ ಜರ್ಮನ್ ಪೊಲೀಸಿನ ಮುಖ್ಯಸ್ಥನೂ ಆದನು. ಹೆಸರಿಗೆ ಮಾತ್ರ ಒಳಾಡಳಿತ ಸಚಿವಾಲಯದ ಅಧೀನ. ಪಕ್ಷದ ಸೇನೆ ಮತ್ತು ಪ್ರಭುತ್ವದ ಪೊಲೀಸ್ ಎಂಬ ಭೇದ ಅಂದಿಗೆ ಅಳಿಸಿಹೋಯಿತೆನ್ನಬಹುದು. ಸಮವಸ್ತ್ರಧಾರಿ ಸುವ್ಯವಸ್ಥಾ ಪೊಲೀಸ್ ಕುರ್ಟ್ ಡಾಲ್ಯೂಗೆಯ ಕೈಕೆಳಗೂ, ಗೆಸ್ಟಾಪೊ ಹಾಗೂ ಅಪರಾಧ ಪತ್ತೆ ವಿಭಾಗಗಳನ್ನೊಳಗೊಂಡ ಭದ್ರತಾ ಪೊಲೀಸ್ ರೈನ್‌ಹಾರ್ಡ್ ಹೈಡ್ರಿಖ್‌ನ ಕೈಕೆಳಗೂ ಬಂದವು.

ಗೆಸ್ಟಾಪೊ ಸರ್ವಾಂತರ್ಯಾಮಿಯಾಗಿತ್ತೆಂಬುದು ಜನಜನಿತ ಕಲ್ಪನೆ. 1937ರಲ್ಲಿ ಸುಮಾರು 40 ಲಕ್ಷ ಜನರಿದ್ದ ಡ್ಯೂಸೆಲ್‌ಡಾರ್ಫ್ ಪ್ರಾಂತ್ಯಕ್ಕೆ ಅದರ ಸಿಬ್ಬಂದಿ 281 ಮಂದಿ ಮಾತ್ರ! ನೆರೆಯವರ ಚಾಡಿಮಾತು, ಸಹೋದ್ಯೋಗಿಗಳ ದೂರುಪತ್ರ, ಸ್ಥಳೀಯ ಠಾಣೆಯ ಸಹಕಾರ ಇವೇ ಅದರ ನಿಜವಾದ ಬಲವಾಗಿದ್ದವು.

ಯುದ್ಧ ಆರಂಭವಾದೊಡನೆ ಸುವ್ಯವಸ್ಥಾ ಪೊಲೀಸಿನಿಂದ ಬೆಟಾಲಿಯನ್‌ಗಳು ರೂಪುಗೊಂಡು ಆಕ್ರಮಿತ ಪ್ರದೇಶಗಳಿಗೆ ತೆರಳಿದವು. 1941ರ ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ನಗರದ ಬಾಬಿನ್ ಯಾರ್ ಕಂದರದಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದಾಗ ಭದ್ರತಾ ಪೊಲೀಸಿನ ವಿಶೇಷ ತುಕಡಿಯೊಂದಿಗೆ ಇಂತಹ ಬೆಟಾಲಿಯನ್‌ಗಳೂ ಇದ್ದವು.

ಈ ದೃಷ್ಟಿಯಿಂದ ಹ್ಯಾಂಬರ್ಗ್ ನಗರದ 101ನೆಯ ಮೀಸಲು ಪೊಲೀಸ್ ಬೆಟಾಲಿಯನ್ನಿನ ಕಥೆ ವಿಶೇಷವಾಗಿ ಪರಿಶೀಲನಾರ್ಹ. ಸುಮಾರು 500 ಜನರ ಈ ಪಡೆಯಲ್ಲಿ ಬಹುಸಂಖ್ಯಾತರು ಕಾರ್ಮಿಕ ಹಾಗೂ ಕೆಳಮಧ್ಯಮ ವರ್ಗದ, ಸೈನ್ಯಕ್ಕೆ ವಯಸ್ಸು ಮೀರಿದ ಗೃಹಸ್ಥರು. 1942ರ ಜುಲೈ 13ರ ಬೆಳಗಿನ ಜಾವ ಪೋಲೆಂಡಿನ ಯುಜೆಫೂಫ್ ಗ್ರಾಮದ ಹೊರಗೆ ದಂಡನಾಯಕ ಮೇಜರ್ ವಿಲ್‌ಹೆಲ್ಮ್ ಟ್ರಾಪ್ ಅವರಿಗೆ ಆಜ್ಞೆ ವಿವರಿಸಿದನು: ದುಡಿಯಬಲ್ಲ ಯಹೂದಿ ಗಂಡಸರನ್ನು ಬೇರ್ಪಡಿಸಿ, ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಕು. ಹೇಳುವಾಗ ಅವನ ಕಣ್ಣುಗಳು ತುಂಬಿದ್ದವೆಂದು ಸಾಕ್ಷ್ಯಗಳಿವೆ. ಈ ಕೆಲಸ ತಮ್ಮಿಂದಾಗದೆಂದು ಭಾವಿಸುವ ಹಿರಿಯರು ಮುಂದೆ ಬರಬಹುದೆಂದೂ ಅವನು ತಿಳಿಸಿದನು. ಆಗ ಸಾಲಿನಿಂದ ಹೊರಬಂದವರು ಹನ್ನೆರಡರಷ್ಟು ಮಂದಿ. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಗುಂಡಿಕ್ಕಲು ತೊಡಗಿದ ಮೇಲೆ ಮತ್ತೆ ಕೆಲವರು ಬಿಡುವು ಕೇಳಿದರು, ಕೆಲವರು ಮರೆಯಾಗಿ ಕಾಲ ಕಳೆದರು. ಉಳಿದವರು ಸಂಜೆಯೊಳಗೆ ಸುಮಾರು 1,500 ಜನರನ್ನು ಕೊಂದರು.

ಒಂದೇ ವಿಚಾರಣಾ ದಾಖಲೆಗಳನ್ನು ಓದಿದ ಕ್ರಿಸ್ಟೋಫರ್ ಬ್ರೌನಿಂಗ್ 1992ರಲ್ಲಿ ಗುಂಪಿನ ಒತ್ತಡ, ಅಧಿಕಾರಕ್ಕೆ ಮಣಿಯುವ ಅಭ್ಯಾಸಗಳಿಗೆ ಒತ್ತು ಕೊಟ್ಟರೆ, ಡೇನಿಯಲ್ ಗೋಲ್ಡ್‌ಹೇಗನ್ 1996ರಲ್ಲಿ ಜರ್ಮನ್ ಸಮಾಜದ ಆಳದ ಯಹೂದಿದ್ವೇಷವನ್ನೇ ಕಾರಣವಾಗಿ ಕಂಡರು. ಎರಡನೆಯ ವಾದವು ಸಾಲಿನಿಂದ ಹೊರಬಂದ ಆ ಕೆಲವರನ್ನು ವಿವರಿಸಲು ತಡವರಿಸುತ್ತದೆ. ಆದರೆ ನಿರಾಕರಿಸಿದ್ದರೆ ತಮ್ಮ ಪ್ರಾಣವೇ ಹೋಗುತ್ತಿತ್ತೆಂದು ಯುದ್ಧಾನಂತರ ಆರೋಪಿಗಳು ಮುಂದಿಟ್ಟ ಸಮರ್ಥನೆ ಯುಜೆಫೂಫಿನ ಮುಂದೆ ನಿಲ್ಲಲಾರದೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

1946ರಲ್ಲಿ ನ್ಯೂರೆಂಬರ್ಗ್ ನ್ಯಾಯಮಂಡಳಿಯು ಗೆಸ್ಟಾಪೊ ಮತ್ತು ಎಸ್.ಎಸ್.ಗಳನ್ನು ಅಪರಾಧಿ ಸಂಘಟನೆಗಳೆಂದು ಸಾರಿತು. ಸುವ್ಯವಸ್ಥಾ ಪೊಲೀಸ್ ಆರೋಪಿತ ಸಂಘಟನೆಗಳ ಪಟ್ಟಿಯಲ್ಲಿಯೇ ಇರಲಿಲ್ಲ. ಡಾಲ್ಯೂಗೆಯನ್ನು ಅದೇ ವರ್ಷ ಪ್ರಾಗ್ ನಗರದಲ್ಲಿ ಗಲ್ಲಿಗೇರಿಸಲಾಯಿತು. ಟ್ರಾಪ್‌ನಿಗೆ 1948ರಲ್ಲಿ ಪೋಲೆಂಡಿನಲ್ಲಿ ಮರಣದಂಡನೆಯಾಯಿತು. ಆದರೆ ಆ ವಿಚಾರಣೆ ಕೇಂದ್ರೀಕೃತವಾದುದು 78 ಪೋಲಿಷರ ಪ್ರತೀಕಾರದ ಹತ್ಯೆಯ ಮೇಲೆ, ಯುಜೆಫೂಫಿನ ಮೇಲಲ್ಲ. 1960ರ ದಶಕದಲ್ಲಿ ಹ್ಯಾಂಬರ್ಗ್‌ನ ತನಿಖಾಧಿಕಾರಿಗಳ ಮುಂದೆ ಹೇಳಿಕೆ ಕೊಡಲು ಬಂದ ಬೆಟಾಲಿಯನ್ನಿನ ಮಾಜಿ ಸದಸ್ಯರಲ್ಲಿ ಹಲವರು ಯುದ್ಧಾನಂತರವೂ ಪೊಲೀಸ್ ಇಲಾಖೆಯಲ್ಲಿಯೇ ವೃತ್ತಿ ಮುಂದುವರಿಸಿದವರಾಗಿದ್ದರು.