ಸಮಾಜಸೇವಕ–ಸಹಾಯಾರ್ಥಿ ಸಂವಾದಗಳ ಪರಿಶೀಲನೆ

ಕಷ್ಟದಲ್ಲಿರುವವನಿಗೂ ಅವನಿಗೆ ನೆರವಾಗಲು ನಿಯಮಿತನಾದ ಸಮಾಜಸೇವಕನಿಗೂ ನಡೆಯುವ ಮಾತುಕತೆಯು ಶಾಸ್ತ್ರೀಯ ಪರಿಶೀಲನೆಗೆ ವಿಷಯವಾದುದು ಈಚಿನ ಕಾಲದಲ್ಲಿ. ಆ ಪರಿಶೀಲನೆಗೆ ಆಧಾರವಾದ ಲೇಖಗಳು ಯಾರ ಕೈಯಿಂದ ಬಂದುವೆಂಬುದನ್ನು ಮೊದಲು ವಿಚಾರಿಸತಕ್ಕುದು. ಏಕೆಂದರೆ ಇಬ್ಬರ ಸಂವಾದವನ್ನು ಒಬ್ಬನೇ ಬರೆದಿಟ್ಟರೆ ಅದು ಸಂವಾದದ ಪ್ರತಿಯಾಗದೆ ಬರೆದವನ ಅಭಿಪ್ರಾಯವಾಗುವುದುಂಟು.

ಲಂಡನ್ ನಗರದಲ್ಲಿ ೧೮೬೯ರಲ್ಲಿ ದಾನಧರ್ಮಗಳನ್ನು ಕ್ರಮಪಡಿಸುವ ಉದ್ದೇಶದಿಂದ 'ಚಾರಿಟಿ ಆರ್ಗನೈಸೇಷನ್ ಸೊಸೈಟಿ'ಯೆಂಬ ಸಂಘವು ಸ್ಥಾಪಿತವಾಯಿತು. ೧೮೭೭ರಲ್ಲಿ ಅಮೆರಿಕದ ಬಫಲೋ ನಗರವು ಅದರ ಮಾದರಿಯನ್ನು ಅನುಸರಿಸಿತು. ಪಾತ್ರಾಪಾತ್ರವಿವೇಚನೆಯಿಲ್ಲದ ದಾನವು ದಾರಿದ್ರ್ಯವನ್ನೇ ಬೆಳೆಸುವುದೆಂಬುದು ಅದರ ಪ್ರವರ್ತಕರ ಮತ. ಆದುದರಿಂದ ಅರ್ಥಿಯ ಸ್ಥಿತಿಗತಿಗಳನ್ನು ವಿಚಾರಿಸಿ ಕಡತದಲ್ಲಿ ಬರೆದಿಡುವ ಪದ್ಧತಿಯು ಬೆಳೆಯಿತು. ಅವನು ಹೇಳಿದುದನ್ನು ಇತರರ ಮಾತಿನೊಡನೆ ಒರೆಹಚ್ಚಿ ನೋಡುತ್ತಿದ್ದರು. ಈ ಪದ್ಧತಿಗೆ ಶಾಸ್ತ್ರರೂಪವನ್ನು ಕೊಟ್ಟವರು ಮೇರಿ ರಿಚ್ಮಂಡ್. ಅವರು ೧೯೧೭ರಲ್ಲಿ ಪ್ರಕಟಿಸಿದ 'ಸೋಷಿಯಲ್ ಡಯಾಗ್ನೋಸಿಸ್' ಗ್ರಂಥದಲ್ಲಿ ಸಾಕ್ಷ್ಯದ ಬಲಾಬಲಗಳನ್ನು ಚರ್ಚಿಸಿರುವ ರೀತಿಯು ನೈಯಾಯಿಕರ ಪ್ರಮಾಣವಿಚಾರವನ್ನು ನೆನಪಿಗೆ ತರುತ್ತದೆ. ಮೊದಲನೆಯ ಭೇಟಿಗೆ ಅಲ್ಲಿ ಒಂದು ಅಧ್ಯಾಯವೇ ಮೀಸಲಾಗಿದೆ.

ತರುವಾಯ ಸಮಾಜಕಾರ್ಯದ ವಿದ್ಯಾಲಯಗಳಲ್ಲಿ, ಭೇಟಿ ಮುಗಿದೊಡನೆ ನಡೆದ ಮಾತನ್ನೆಲ್ಲ ವಿದ್ಯಾರ್ಥಿಯು ನೆನಪಿನಿಂದ ಬರೆದು ಗುರುಗಳಿಗೆ ಒಪ್ಪಿಸುವ ಅಭ್ಯಾಸವು ರೂಢವಾಯಿತು. ಬೋಧನೆಗೆ ಅದು ಉಪಯುಕ್ತವೇ ಸರಿ. ಆದರೆ ಅದು ಸ್ಮೃತಿಯೇ ಹೊರತು ಶ್ರುತಿಯಲ್ಲ; ತಡವರಿಕೆ, ಮೌನ, ಪುನರುಕ್ತಿಗಳು ಅದರಲ್ಲಿ ಉಳಿಯುವುದು ದುರ್ಲಭ.

ಈ ಕೊರತೆಯನ್ನು ಯಂತ್ರವು ನೀಗಿಸಿತು. ರಾಚೆಸ್ಟರ್ ನಗರದಲ್ಲಿ ಮಕ್ಕಳ ಸಂರಕ್ಷಣೆಯ ಕಾರ್ಯದಲ್ಲಿ ಪಳಗಿದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ಧ್ವನಿಮುದ್ರಿಕೆಗಳಲ್ಲಿ ಹಿಡಿದಿಟ್ಟ ಎಂಟು ಭೇಟಿಗಳ ಸಂಭಾಷಣೆಯನ್ನು ತಮ್ಮ ೧೯೪೨ರ ಗ್ರಂಥದಲ್ಲಿ ಅಚ್ಚುಮಾಡಿಸಿದರು. ದಾರಿ ತೋರಿಸಲು ಹೊರಟ ಸಲಹೆಗಾರನು ಅರ್ಥಿಗಿಂತ ತಾನೇ ಹೆಚ್ಚು ಮಾತನಾಡಿಬಿಡುವನೆಂಬುದು ಇಂತಹ ಮುದ್ರಿಕೆಗಳ ಪರಿಶೀಲನೆಯಿಂದ ಸ್ಪಷ್ಟವಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ವಿಮರ್ಶೆಯನ್ನು ಹಾರ್ವೆ ಸ್ಯಾಕ್ಸ್ ಮಾಡಿದರು. ಲಾಸ್ ಏಂಜಲೀಸ್ ನಗರದಲ್ಲಿ ೧೯೬೩-೬೪ರಲ್ಲಿ ಆತ್ಮಹತ್ಯಾನಿವಾರಣಕೇಂದ್ರದ ಸಂಪರ್ಕದಲ್ಲಿದ್ದ ಅವರು ಇಂತಹ ದೂರವಾಣಿ ಸಂಭಾಷಣೆಗಳ ಮುದ್ರಿಕೆಗಳನ್ನು ಅಭ್ಯಾಸಮಾಡಿದರು. ಕರೆದವರಲ್ಲಿ ಅನೇಕರು ಹೆಸರು ಹೇಳುತ್ತಿರಲಿಲ್ಲವೆಂಬುದು ಸಿಬ್ಬಂದಿಯವರ ತೊಡಕು. ಉತ್ತರಿಸುವವನು ಮೊದಲು ತನ್ನ ಹೆಸರನ್ನು ಹೇಳಿದರೆ ಕರೆದವನೂ ಹೇಳುವುದು ವಾಡಿಕೆ. ಒಂದು ಸಂಭಾಷಣೆಯಲ್ಲಿಯಾದರೋ ಅರ್ಥಿಯು ಕೇಳಿಸಲಿಲ್ಲವೆಂದನು; ಸೇವಕನು ತನ್ನ ಹೆಸರನ್ನು ಮತ್ತೊಮ್ಮೆ ಹೇಳಿದನು; ಅರ್ಥಿಯು ಆ ಹೆಸರನ್ನೇ ತಿರುಗಿ ಉಚ್ಚರಿಸಿದನು. ಅಷ್ಟರಲ್ಲಿ ಅವನ ಹೆಸರು ಬರಬೇಕಾಗಿದ್ದ ಸ್ಥಾನವು ದಾಟಿಹೋಗಿತ್ತು. ಕಿವಿಯ ದೋಷವಿದ್ದಿರಲಿ, ಇಲ್ಲದಿರಲಿ, ಆ ಮಾತು ಮಾಡಿದ ಕೆಲಸವಿದು. ಆಲಂಕಾರಿಕರು ಇದನ್ನು ಧ್ವನಿಯೆನ್ನಲಾರರು; ಕೇಳುವವನಿಗೆ ಹೊಳೆಯದಿರುವುದೇ ಇದರ ಪ್ರಯೋಜನ. ನೆನಪಿನಿಂದ ಬರೆಯುವವನು 'ಹೆಸರು ತಿಳಿಸಲಿಲ್ಲ' ಎಂದು ಒಂದು ಸಾಲಿನಲ್ಲಿ ಮುಗಿಸುತ್ತಿದ್ದನು. ಸ್ಯಾಕ್ಸ್ ೧೯೭೫ರಲ್ಲಿ ಅಕಾಲಮರಣಕ್ಕೆ ತುತ್ತಾದರು. ಅವರ ಉಪನ್ಯಾಸಗಳು ಗೈಲ್ ಜೆಫರ್ಸನ್ ಅವರ ಸಂಪಾದಕತ್ವದಲ್ಲಿ ೧೯೯೨ರಲ್ಲಿ ಗ್ರಂಥರೂಪದಲ್ಲಿ ಹೊರಬಂದುವು.

ಮುದ್ರಿಕೆಯಲ್ಲಿಯೂ ಸಿಕ್ಕದುದು ಅರ್ಥಿಯು ಮನಸ್ಸಿನಲ್ಲಿ ಅಂದುಕೊಂಡುದು. ಲಂಡನ್ನಿನ ಆ ಹಳೆಯ ಸಂಘವು ೧೯೪೬ರಲ್ಲಿ 'ಫ್ಯಾಮಿಲಿ ವೆಲ್‌ಫೇರ್ ಅಸೋಸಿಯೇಷನ್' ಎಂಬ ಹೆಸರನ್ನು ತಾಳಿತು. ಅದರ ಸಹಾಯಾರ್ಥಿಗಳನ್ನೇ ಕಂಡು ಮಾತನಾಡಿಸಿ ಜಾನ್ ಮೇಯರ್, ನೋಯೆಲ್ ಟಿಮ್ಸ್ ಎಂಬವರು ೧೯೭೦ರಲ್ಲಿ 'ದಿ ಕ್ಲಯಂಟ್ ಸ್ಪೀಕ್ಸ್' ಗ್ರಂಥವನ್ನು ಪ್ರಕಟಿಸಿದರು. ಮನೆಯವರ ನಡತೆಯನ್ನು ತಿದ್ದಿಸಿಕೊಡಬೇಕೆಂದು ಬಂದ ಕೆಲವರಿಗೆ, ಸೇವಕರು ಆ ಮನೆಯವರನ್ನು ಬಿಟ್ಟು ತಮ್ಮ ಪೂರ್ವವೃತ್ತಾಂತವನ್ನೇ ಕೇಳುತ್ತಿದ್ದುದು ಏಕೆಂದು ತಿಳಿಯಲಿಲ್ಲ. ಹೀಗೆ ಬೆರಗಾದವರಲ್ಲಿ ಬರುವುದನ್ನೇ ನಿಲ್ಲಿಸಿದವರೂ ಇದ್ದರು. ಅರ್ಥಿಗಳು ತಮಗಿಂತ ಬೇರೆ ರೀತಿಯಲ್ಲಿ ಆಲೋಚಿಸುತ್ತಿದ್ದರೆಂಬುದು ಸೇವಕರ ಗಮನಕ್ಕೆ ಬಂದಂತಿರಲಿಲ್ಲ.